ಐದನೇ ನಂಬರ್ ಬೂಟು

ಭಾಗ್ಯಲಕ್ಷ್ಮಿ ಬೆಳಿಗ್ಗೆ ಒಂಬತ್ತಕ್ಕೇ ಗಂಡನಿಗೆ ಮಧ್ಯಾಹ್ನದ ಊಟ ಹೊತ್ತುಕೊಂಡು ಹೊರಡುವುದು ಕಗ್ಗದಾಸಪುರದ ಆ ಗಲ್ಲಿಯಲ್ಲಿ ಹಳೆಯ ತಮಾಷೆ.

"ಇಷ್ಟೊತ್ತಿಗೇ ಊಟ ತಗೊಂಡ್ ಹೊರಟ್ಯಲ್ಲೇ, ನಿನ್ ಗಂಡ ಏನು ಬಾಣಂತಿನಾ?" ಎಂದು ಎದುರು ಮನೆಯ ಯಂಕಮ್ಮ ಡ್ರಮ್ಮಿಗೆ ನೀರಿನ ಪೈಪು ಹಿಡಿದುಕೊಂಡೇ ಕೇಳುತ್ತಾರೆ.

"ಹೂಂ ಅಕ್ಕ, ಹಸಿ ಬಾಣಂತಿ. ಬೆಚ್ಚಗಿರ್ಲಿ ಅಂತ ಕುಲುಮೆ ಮುಂದೆ ಕೂರಿಸಿದೀನಿ."

ಯಂಕಮ್ಮನಿಗೆ ನಿಜ ಗೊತ್ತು. ಆ ಚೀಲದಲ್ಲಿ ಮೇಲೆ ಊಟದ ಕ್ಯಾರಿಯರ್, ಕೆಳಗೆ ಗಂಡನ ಹಳೆಯ ತುಂಬುತೋಳಿನ ಅಂಗಿ ಮತ್ತು ಪ್ಯಾಂಟು. ರೈಲ್ವೆ ಗೇಟು ದಾಟಿದರೆ ಮುನಿನಾರಾಯಣಪ್ಪನವರ ಜಾಗ. ಒಂದು ಕಾಲದಲ್ಲಿ ಅವರು ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ತಗಡಿನ ಶೆಡ್ಡುಗಳು ಸಾಲಾಗಿ ನಿಂತಿವೆ. ಬಾಡಿಗೆಗೆ ಹಿಡಿದ ಕೊನೆಯ ಶೆಡ್ಡು ಭಾಗ್ಯಲಕ್ಷ್ಮಿಯ ಮನೆಯವರದು. ಅಲ್ಲಿ ಅಲ್ಯೂಮಿನಿಯಂ ಕರಗಿಸಿ ಮರಳಿನ ಅಚ್ಚಿಗೆ ಎರಕ ಹೊಯ್ಯುತ್ತಾರೆ. ಭಾಗ್ಯಲಕ್ಷ್ಮಿ ತಗಡಿನ ಮರೆಯಲ್ಲಿ ಬಟ್ಟೆ ಬದಲಿಸಿ, ಗಂಡನ ಹರಿದ ಎಂಟನೇ ನಂಬರ್ ಬೂಟಿನ ಮೂತಿಗೆ ಬಟ್ಟೆ ತುರುಕಿ ಕಾಲು ತೂರಿಸುತ್ತಾಳೆ. ಚಪ್ಪಲಿಯಲ್ಲಿ ನಿಂತು ಕೆಲಸ ಮಾಡಿದ ಕಾಲದ ಗುರುತೊಂದು ಅವಳ ಎಡಪಾದದ ಮೇಲೆ ಇದೆ. ಕಾಸಿನಗಲದ, ನುಣ್ಣಗೆ ಹೊಳೆಯುವ ಸುಟ್ಟ ಕಲೆ.

ಈ ಕೆಲಸ ಕಲಿಸಿದ್ದು ಮಾವ ಚಲುವಯ್ಯ. ದೊಡ್ಡ ಕಾರ್ಖಾನೆಯೊಂದರ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದ ಮೇಲೆ ಅವರೇ ಈ ಶೆಡ್ಡು ಹಿಡಿದರು. ಆಗ ಮಗ ಪ್ರೇಮ್‌ಕುಮಾರ್ ಆಟೋ ಓಡಿಸುತ್ತಿದ್ದ. ಕುಲುಮೆಯ ಬಿಸಿ ತನಗಾಗುವುದಿಲ್ಲ ಎನ್ನುತ್ತಿದ್ದ. ಹಲಸೂರಿನಿಂದ ಮದುವೆಯಾಗಿ ಬಂದ ಭಾಗ್ಯಲಕ್ಷ್ಮಿ ಆಗ ನಿಜವಾಗಿಯೂ ಊಟ ಕೊಡಲೆಂದೇ ಹೋಗುತ್ತಿದ್ದಳು. ಮಾವನ ಕಣ್ಣಿಗೆ ಪೊರೆ ಬರತೊಡಗಿತ್ತು. ಮುರಿದ ಲೋಹದ ತುಂಡೊಂದನ್ನು ಅವಳ ಕೈಗಿಟ್ಟು, "ನೋಡಮ್ಮ, ಒಳಗೆ ಚಿರೋಟಿ ರವೆ ಥರ ಇದೆಯಾ, ಇಲ್ಲಾ ಅಭ್ರಕದ ಚೂರಿನ ಥರ ಮಿಣಮಿಣ ಅಂತದಾ?" ಎಂದು ಕೇಳಿದರು.

"ರವೆ ಥರ."

"ಹಾಗಾದ್ರೆ ಬದುಕಿದ್ವಿ. ಬಡಿಸು."

ಅಲ್ಲಿಂದ ಶುರುವಾಯಿತು. ಅವರು ಕರಗಿಸುತ್ತಿದ್ದ ಲೋಹಕ್ಕೆ ಶೆಡ್ಡುಗಳಲ್ಲಿ ಎಲ್ಲೆಮ್ ಸಿಕ್ಸ್ ಎನ್ನುತ್ತಾರೆ. ಅಲ್ಯೂಮಿನಿಯಮ್ಮಿಗೆ ನೂರಕ್ಕೆ ಹನ್ನೆರಡು ಪಾಲಿನಷ್ಟು ಸಿಲಿಕಾನ್ ಬೆರೆತದ್ದು. ಬರೀ ಅಲ್ಯೂಮಿನಿಯಂ ಅಚ್ಚಿನಲ್ಲಿ ಮಂದವಾಗಿ ತೆವಳುತ್ತದೆ, ಆರುವಾಗ ಮೂಲೆಗಳಲ್ಲಿ ಬಿರಿಯುತ್ತದೆ. ಸಿಲಿಕಾನ್ ಸೇರಿದರೆ ಅದು ತಿಳಿಸಾರಿನಂತೆ ಓಡುತ್ತದೆ. ಬಳೆಯಷ್ಟು ತೆಳುವಾದ ಸಂದಿಗೂ ನುಗ್ಗುತ್ತದೆ, ಆರುವಾಗ ಹೆಚ್ಚು ಕುಗ್ಗುವುದಿಲ್ಲ. ಸಮುದ್ರದ ಉಪ್ಪುನೀರು ಕೂಡ ಅದನ್ನು ಸುಲಭಕ್ಕೆ ತಿನ್ನಲಾರದು. ಹಾಗಾಗಿ ದೋಣಿಯ ಭಾಗಗಳು, ಪಂಪಿನ ಕವಚಗಳು, ಬೀದಿದೀಪದ ಟೋಪಿಗಳು, ಮೋಟಾರಿನ ಮೈ ಎಲ್ಲ ಅದರಲ್ಲೇ. ಅವರ ಮನೆಯ ಟೀವಿಯ ಮೇಲಿನ ಗೇಣುದ್ದದ ಬುದ್ಧನೂ ಅದೇ ಲೋಹದವನು. ಮಾವನೂ ಸೊಸೆಯೂ ಸೇರಿ ಎರೆದದ್ದು. ಅವನ ಬೆರಳುಗಳು ಬತ್ತದ ಕಾಳಿನಷ್ಟು ಸಣ್ಣ, ಒಂದೂ ಮೊಂಡಾಗಿಲ್ಲ.

ಆದರೆ ಅದೇ ಸಿಲಿಕಾನ್ ಲೋಹ ಉಜ್ಜುವ ಅರವನ್ನು ತಿನ್ನುತ್ತದೆ. ಎರಕದ ಅಂಚಿನ ಒರಟನ್ನು ಉಜ್ಜಿ ತೆಗೆಯುವ ಕೆಲಸ ಭಾಗ್ಯಲಕ್ಷ್ಮಿ ಮನೆಗೆ ತರುತ್ತಿದ್ದಳು. ಸಂಜೆ ಧಾರಾವಾಹಿ ನೋಡುತ್ತ, ಕುಕ್ಕರಿನ ಕೂಗಿಗೆ ಕಿವಿ ಕೊಟ್ಟು, ಕಾಲ ನಡುವೆ ತುಂಡು ಹಿಡಿದು ಉಜ್ಜುವುದು. ಲೋಹದೊಳಗಿನ ಗಟ್ಟಿ ಹರಳುಗಳಿಗೆ ಅರದ ಹಲ್ಲು ಬೇಗನೆ ಸವೆಯುತ್ತಿತ್ತು. ಹೊಸ ಅರ ಬೇಕೆಂದರೆ ಪ್ರೇಮ್‌ಕುಮಾರ್ ಮಾರನೆಯ ದಿನವೇ ತರುತ್ತಿದ್ದ. ಅವಳ ಮಣಿಕಟ್ಟು ನೋಯುತ್ತದೆಂದರೆ, "ಟೀವಿ ನೋಡ್ಕೊಂಡು ಆರಾಮಾಗಿ ಮಾಡು, ಯಾರು ಅರ್ಜೆಂಟ್ ಮಾಡಿದ್ರು?" ಎನ್ನುತ್ತಿದ್ದ.

ನಿಜವಾದ ಗುಟ್ಟು ಇರುವುದು ಸೋಡಿಯಮ್ಮಿನಲ್ಲಿ. ಮರಳಿನ ಅಚ್ಚಿನಲ್ಲಿ ಈ ಲೋಹ ನಿಧಾನಕ್ಕೆ ಆರುತ್ತದೆ. ಆಗ ಸಿಲಿಕಾನ್ ದೊಡ್ಡ ದೊಡ್ಡ ಹಾಳೆಗಳಾಗಿ ಕಟ್ಟಿಕೊಂಡು ಇಡೀ ಎರಕ ಪೆಡಸಾಗುತ್ತದೆ. ಹಾಗಾಗದಿರಲು, ಕರಗಿದ ಲೋಹಕ್ಕೆ ಚಿಟಿಕೆಯಷ್ಟು ಸೋಡಿಯಂ ಉಣಿಸಬೇಕು. ತೂತುಗಳಿರುವ ಕಬ್ಬಿಣದ ಗಂಟೆಯೊಂದನ್ನು ಉದ್ದ ಸಲಾಕೆಯ ತುದಿಗೆ ಸಿಕ್ಕಿಸಿ, ಅದರೊಳಗೆ ಸೋಡಿಯಮ್ಮಿನ ಪೊಟ್ಟಣವಿಟ್ಟು, ಲೋಹ ಕರಗಿಸುವ ಮೂಸೆಯ ತಳದವರೆಗೆ ಒತ್ತಿ ಹಿಡಿಯಬೇಕು. ಲೋಹ ಕುದಿಯುತ್ತದೆ, ಹಳದಿ ಜ್ವಾಲೆ ಏಳುತ್ತದೆ, ಕೈ ಅಲುಗಬಾರದು. ಆಮೇಲೆ ತಡ ಮಾಡುವಂತಿಲ್ಲ. ಸೋಡಿಯಂ ಸುಟ್ಟು ಹಾರಿಹೋಗುತ್ತದೆ. ಒಗ್ಗರಣೆ ಹಾಕಿ ಮುಚ್ಚಳ ಮುಚ್ಚದೆ ಬಿಟ್ಟರೆ ಇಂಗಿನ ವಾಸನೆ ಹೋಗುವ ಹಾಗೆ. ಲೋಹದ ಬಣ್ಣ ಬದಲಾಗುವುದಿಲ್ಲ, ಓಟ ಬದಲಾಗುವುದಿಲ್ಲ, ಶಕ್ತಿ ಮಾತ್ರ ಇರುವುದಿಲ್ಲ.

"ಇದು ಮೇಲ್ನೋಟಕ್ಕೆ ಯಾವತ್ತೂ ಚೆಂದಾಗೇ ಇರ್ತದೆ ಕಣಮ್ಮ," ಎನ್ನುತ್ತಿದ್ದರು ಚಲುವಯ್ಯ. "ಮುರಿದು ನೋಡೋಗಂಟ ನಂಬ್ಬೇಡ."

ಅವರು ತೀರಿಕೊಂಡಾಗ ಪ್ರೇಮ್‌ಕುಮಾರ್ ಆಟೋ ಮಾರಿ ಶೆಡ್ಡಿಗೆ ಬಂದ. ಗಿರಾಕಿಗಳ ಜೊತೆ ಅವನ ಮಾತು ಚೆನ್ನ, ಸರಕು ಮುಟ್ಟಿಸುವುದರಲ್ಲಿ ಚುರುಕು. ಕುಲುಮೆ ಉರಿಸಿ ಲೋಹ ಸುರಿಯಲು ಶಿವಾಜಿನಗರದಿಂದ ಹಸನ್ ಬರುತ್ತಿದ್ದ. ಅಚ್ಚು ಕಟ್ಟುವುದು, ಸೋಡಿಯಂ ಹಾಕುವುದು, ತುಂಡು ಮುರಿದು ನೋಡುವುದು ಭಾಗ್ಯಲಕ್ಷ್ಮಿ. ಅದಕ್ಕೆ ಮೊದಲು ಮನೆಯಲ್ಲಿ ನೀರು ಹಿಡಿದು, ಮುದ್ದೆ ಕಟ್ಟಿ, ಮಗಳು ಪ್ರಿಯಾಳನ್ನು ಕಾಲೇಜಿಗೆ ಹೊರಡಿಸಿ, ಗಂಡನ ಕರಿಹಿಡಿದ ಬಟ್ಟೆ ನೆನೆಹಾಕಿರುತ್ತಿದ್ದಳು. ಯಾರಾದರೂ ಕೇಳಿದರೆ ಪ್ರೇಮ್‌ಕುಮಾರ್, "ನಮ್ಮನೆಯವರು ಸ್ವಲ್ಪ ಹೆಲ್ಪ್ ಮಾಡ್ತಾರೆ" ಎನ್ನುತ್ತಿದ್ದ. ಆ 'ಸ್ವಲ್ಪ'ದ ಬಗ್ಗೆ ಅವಳು ಜಗಳ ತೆಗೆದಿರಲಿಲ್ಲ. ಮನೆಯೊಳಗಿದ್ದಾಗ ಅವನು ಹಾಗೆ ಹೇಳುತ್ತಿರಲಿಲ್ಲ ಎಂಬುದೇ ಅವಳಿಗೆ ಸಾಕಾಗಿತ್ತು.

ಕರಾವಳಿಯ ಮೀನುಗಾರಿಕೆ ದೋಣಿಗಳಿಗೆ ಪಂಪು ಮಾಡುವ ಒಂದು ಕಂಪನಿ ಇವರ ಮಾದರಿ ಎರಕ ನೋಡಿ ಮೆಚ್ಚಿತು. ಕಾಯಂ ಕೆಲಸ ಕೊಡುವ ಮೊದಲು ಶೆಡ್ಡು ಸುಧಾರಿಸಬೇಕೆಂದಿತು. ಅವರ ಕಡೆಯವನು ಬಂದು ಕುಲುಮೆಯ ಸುತ್ತ, ಅಚ್ಚಿನ ನೆಲದ ಸುತ್ತ ಹಳದಿ ಗೆರೆ ಬಳಿದು ಹೋದ. ಸುರಕ್ಷತೆಯ ಬೂಟಿಲ್ಲದವರು ಗೆರೆ ದಾಟುವಂತಿಲ್ಲ. ದಾಟಿದ್ದು ಕಂಡರೆ ಶೆಡ್ಡು ಫೇಲು. ಬೂಟುಗಳನ್ನು ಕಂಪನಿಯೇ ಕೊಡುತ್ತದೆ, ಅಳತೆ ಹೇಳಿದರೆ ಸಾಕು.

ಆ ದಿನ ಸಂಜೆ ಪ್ರೇಮ್‌ಕುಮಾರ್ ಅಡುಗೆಮನೆಯ ಬಾಗಿಲಲ್ಲಿ ಪೇಪರು ಹಾಸಿ, "ಕಾಲಿಡು" ಎಂದ. ಪ್ರಿಯಾಳ ಪೆನ್ಸಿಲಿನಿಂದ ಹೆಂಡತಿಯ ಪಾದದ ಸುತ್ತ ಗೆರೆ ಎಳೆದ. ಭಾಗ್ಯಲಕ್ಷ್ಮಿ ಕಚಗುಳಿಯಾಗಿ ಕಾಲು ಎಳೆದುಕೊಂಡಳು.

"ಅಲುಗಾಡ್ಬೇಡ್ವೇ, ಆನೆ ಕಾಲು ಆಗ್ಬಿಡ್ತದೆ."

"ಐದನೇ ನಂಬರ್ ಅಂತ ಹೇಳಿದ್ರೆ ಸಾಕು ರೀ."

"ಐದು. ಹೇಳ್ತೀನಿ."

ಅವಳು ಮಾರನೆಯ ಬೆಳಿಗ್ಗೆಯೇ ಯಂಕಮ್ಮನಿಗೆ ಹೇಳಿಬಿಟ್ಟಳು. ಬೂಟು ಬಂದರೆ ಇನ್ನು ಚೀಲದ ಅಡಿಯಲ್ಲಿ ಬಟ್ಟೆ ಮುಚ್ಚಿಡಬೇಕಿಲ್ಲ, ಬೂಟು ಹಾಕಿಕೊಂಡೇ ಮನೆಯಿಂದ ಹೊರಡುತ್ತೇನೆ, ಆ ಗೆರೆಯೊಳಗೆ ನನ್ನದೂ ಒಂದು ಜಾಗವಿದೆ ಎಂದು ಆಗ ಊರಿಗೇ ಗೊತ್ತಾಗುತ್ತದೆ ಎಂದಳು. ಯಂಕಮ್ಮ ದಿನಾ ಕೇಳತೊಡಗಿದರು: "ಬಂತೇನೇ ಮಿಲಿಟರಿ, ಬೂಟು?"

ಬಾಕ್ಸು ಬಂತು. ಒಳಗೆ ಎರಡು ಜೊತೆ. ಎಂಟು, ಒಂಬತ್ತು. ಪ್ರೇಮ್‌ಕುಮಾರನದು, ಹಸನನದು.

"ನಂದು?"

"ಲೇಡೀಸ್ ಸೈಜ್ ಸ್ಟಾಕ್ ಇಲ್ವಂತೆ. ಮುಂದಿನ್ಸಲ ಕಳಿಸ್ತಾರೆ." ಹೇಳುವಾಗ ಅವನು ಹೊಸ ಬೂಟಿನ ಲೇಸು ಬಿಗಿಯುತ್ತಿದ್ದ. ಅವಳು ನಂಬಿದಳು.

ಶೆಡ್ಡು ಪರೀಕ್ಷಿಸಲು ಕಂಪನಿಯ ಸುನಿಲ್ ಎಂಬಾತ ಬಂದದ್ದು ಒಂದು ಶನಿವಾರ. ಅವನ ಕಣ್ಣೆದುರೇ ಪಂಪಿನ ಕವಚ ಎರೆದು ತೋರಿಸಬೇಕಿತ್ತು. ಅವನು ಬರುವ ಹೊತ್ತಿಗೆ ಸರಿಯಾಗಿ ಸುರಿಯಬೇಕೆಂದು ಭಾಗ್ಯಲಕ್ಷ್ಮಿ ಹಳೆಯ ಬೂಟಿನಲ್ಲೇ ಗೆರೆಯೊಳಗೆ ನಿಂತು ಗಂಟೆಯನ್ನು ಮೂಸೆಗೆ ಒತ್ತಿದಳು. ಹಳದಿ ಉರಿ ಎದ್ದು ತಣ್ಣಗಾಯಿತು. ಅವಳು ಸಲಾಕೆ ಎತ್ತುವುದಕ್ಕೂ ಹೊರಗೆ ಕಾರಿನ ಹಾರನ್ ಕೇಳುವುದಕ್ಕೂ ಸರಿಹೋಯಿತು.

"ಆ ಹರಕು ಬೂಟು ಬಿಚ್ಚಿ ಒಳಗೆ ಎಸಿ," ಎಂದ ಪ್ರೇಮ್‌ಕುಮಾರ್ ಗಡಿಬಿಡಿಯಲ್ಲಿ. "ಕಂಡ್ರೆ ಫೇಲ್ ಮಾಡ್ತಾರೆ. ಸೀರೆ ಉಟ್ಕೊಂಡು ಗೇಟ್ ಹತ್ರದಿಂದ ಟೀ ತಗೊಂಬಾ."

"ಸುರಿದ್ಬಿಡ್ಲಿ ರೀ ಮೊದ್ಲು, ಈಗ್ತಾನೇ ಹಾಕಿದೀನಿ."

"ಅವ್ರು ನೋಡ್ಬೇಕಲ್ವಾ? ಎರಡು ನಿಮಿಷ. ಹೋಗು."

ಅವಳು ಟೀ ತಂದಾಗ ಸುನಿಲ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ದೋಣಿಗಳ ಫೋಟೋ ತೋರಿಸುತ್ತಿದ್ದ. ಪ್ರೇಮ್‌ಕುಮಾರ್ ತಾನು ಅಪ್ಪನ ಕೈಕೆಳಗೆ ಪಳಗಿದ ಕತೆ ಹೇಳುತ್ತಿದ್ದ. ಮೂಸೆ ಉರಿಯ ಮೇಲೆಯೇ ಇತ್ತು. ಮಾತು ಮುಗಿಯಲಿಲ್ಲ. ಭಾಗ್ಯಲಕ್ಷ್ಮಿ ಗೆರೆಯ ಹೊರಗೆ ನಿಂತು ಹಸನನನ್ನು ಮೆಲ್ಲಗೆ ಕರೆದಳು.

"ಹಸನ್, ಅದು ಹೋಗ್ಬಿಟ್ಟಿರ್ತದೆ. ಇನ್ನೊಂದ್ಸಲ ಹಾಕ್ಬೇಕು."

"ಸೇಟ್ ಹೇಳ್ಲಿ ಅಕ್ಕ. ನಾನ್ ಏನ್ ಮಾಡ್ಲಿ?" ಎಂದು ಅವನು ಬೇರೆ ಕಡೆ ನೋಡಿದ.

ಅವಳು ದನಿ ಎತ್ತಿದಳು. "ರೀ, ಹೊತ್ತಾಯ್ತು. ಮತ್ತೆ ಹಾಕ್ಬೇಕು."

ಸುನಿಲ್ ತಿರುಗಿದ. "ಏನಂತೆ?"

"ಏನಿಲ್ಲ ಸರ್, ನಮ್ಮನೆಯವ್ರು," ಎಂದು ನಕ್ಕ ಪ್ರೇಮ್‌ಕುಮಾರ್. "ಊಟ ತರ್ತಾರೆ. ಊಟಕ್ಕೆ ಹೊತ್ತಾಯ್ತು ಅಂತಿದಾರೆ. ಇವ್ರಿಗೆ ಒಂದೇ ಚಿಂತೆ."

ಇಬ್ಬರೂ ನಕ್ಕರು. ಭಾಗ್ಯಲಕ್ಷ್ಮಿ ಪಾದದ ಮುಂದಿನ ಹಳದಿ ಗೆರೆ ನೋಡಿದಳು. ದಾಟಿದರೆ ಶೆಡ್ಡು ಫೇಲು. ದಾಟದಿದ್ದರೆ ಎರಕ ಫೇಲು. ಚಪ್ಪಲಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಲೋಹ ಎಂದಿನಂತೆ ಚೆನ್ನಾಗಿಯೇ ಓಡಿತು. ಅಚ್ಚು ತುಂಬಿತು. ಆರಿ ಕೈಗೆ ಬರುವವರೆಗೆ ಊಟ ಮಾಡೋಣವೆಂದರು. ಕ್ಯಾರಿಯರಿನಲ್ಲಿದ್ದದ್ದು ಮೂವರಿಗೆ ಸಾಲುವಷ್ಟು ಮುದ್ದೆ, ಬಸ್ಸಾರು, ಪಲ್ಯ. ತನ್ನ ಪಾಲನ್ನು ಅವಳು ಸುನಿಲನ ತಟ್ಟೆಗೆ ಹಾಕಿದಳು.

"ಸೂಪರ್ ಬಸ್ಸಾರು ಮೇಡಂ," ಎಂದ ಸುನಿಲ್. ಆಮೇಲೆ ಪ್ರೇಮ್‌ಕುಮಾರನತ್ತ ತಿರುಗಿ, "ಇಷ್ಟು ಕೆಲಸಕ್ಕೆ ಇಬ್ರೇನಾ ನೀವು? ಮೂರು ಜನ ಅಂದಿದ್ರೆ ಮೂರು ಜೊತೆ ಕಳಿಸ್ತಿದ್ವಿ. ಎಲ್ಲಾ ಸೈಜೂ ಇದೆ. ನಮ್ಮ ಅಸೆಂಬ್ಲೀಲಿ ಹೆಣ್ಮಕ್ಳೇ ಜಾಸ್ತಿ, ಮೂರನೇ ನಂಬರಿಂದ ಇಟ್ಟಿದೀವಿ."

ಭಾಗ್ಯಲಕ್ಷ್ಮಿಯ ಕೈಯ ಸೌಟು ಪಾತ್ರೆಯ ಮೇಲೆ ನಿಂತಿತು. ಸಾರು ತೊಟ್ಟಿಕ್ಕುತ್ತಿತ್ತು. ಪ್ರೇಮ್‌ಕುಮಾರ್ ಮುದ್ದೆ ಮುರಿದು ಮುರಿದು ಸಣ್ಣದು ಮಾಡುತ್ತಿದ್ದ, ನುಂಗಲಿಲ್ಲ.

ಕವಚವನ್ನು ಅಚ್ಚಿನಿಂದ ತೆಗೆದಾಗ ಬೆಳ್ಳಿಯ ಬಟ್ಟಲಿನಂತಿತ್ತು. ಸುನಿಲ್ ತಿರುಗಿಸಿ ನೋಡಿ ತಲೆಯಾಡಿಸಿದ. ಬೋಲ್ಟು ಕೂರುವ ಕಿವಿಯೊಂದಕ್ಕೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟ. ಅದು ರಸ್ಕಿನಂತೆ ಮುರಿದು ಬಿತ್ತು. ಒಳಗೆಲ್ಲ ಅಭ್ರಕದಂಥ ಮಿಣಮಿಣ.

"ಇದೇನ್ರೀ ಇದು? ಹಿಂದಿನ ಸ್ಯಾಂಪಲ್ ಬಾಗಿತ್ತೇ ಹೊರತು ಹೀಗೆ ಮುರಿದಿರ್ಲಿಲ್ಲ. ಸೋಡಿಯಂ ಹಾಕಿದ್ರಾ ಇಲ್ವಾ?"

"ಹಾಕಿದ್ವಿ ಸರ್..." ಪ್ರೇಮ್‌ಕುಮಾರ್ ಬೆವರು ಒರೆಸಿಕೊಂಡ. ಆಮೇಲೆ ಕೈ ಎತ್ತಿ ಹೆಂಡತಿಯನ್ನು ತೋರಿಸಿದ. "ಇವತ್ತು ಇವ್ಳು ಹಾಕಿದ್ದು ಸರ್. ಭಾಗ್ಯಲಕ್ಷ್ಮಿ. ಹೆಂಗಸ್ರ ಕೈಗೆ ಕೊಟ್ಟಿದ್ದು ನಂದೇ ತಪ್ಪು."

ಆ ಶೆಡ್ಡಿನಲ್ಲಿ ಹೊರಗಿನವರ ಮುಂದೆ ಅವನು ಅವಳ ಹೆಸರು ಹೇಳಿದ್ದು ಅದೇ ಮೊದಲು.

"ಯಾವಾಗ್ಲೂ ಹಾಕೋದು ಯಾರು?" ಸುನಿಲ್ ಹಸನನನ್ನು ಕೇಳಿದ.

ಹಸನನಿಗೆ ಗಂಟೆ ಹಿಡಿಯುವುದನ್ನು ತೋರಿಸಿಕೊಡಲು ಹೋಗಿ ಒಮ್ಮೆ ಅವಳ ಹುಬ್ಬು ಸುಟ್ಟಿತ್ತು, ಕಲಿಕೆ ಅಲ್ಲಿಗೇ ನಿಂತಿತ್ತು. ಅವನ ಮಗಳ ಹೆರಿಗೆಯಲ್ಲಿ ಬಾಣಂತಿ ಖಾರ ಕುಟ್ಟಿ ಕಳಿಸಿದ್ದಳು. ಅವನು ತನ್ನ ಹೊಸ ಬೂಟುಗಳನ್ನು ನೋಡಿಕೊಂಡು, "ಸೇಟ್‌ಗೇ ಗೊತ್ತು ಸರ್," ಎಂದ.

ಭಾಗ್ಯಲಕ್ಷ್ಮಿ ಸೌಟನ್ನು ಕ್ಯಾರಿಯರಿನೊಳಗಿಟ್ಟಳು. "ಹೌದು ಸರ್, ನಾನೇ ಹಾಕಿದ್ದು. ಹಿಂದಿನ ಸ್ಯಾಂಪಲ್‌ಗೂ ನಾನೇ ಹಾಕಿದ್ದು. ಮಾವ ಹೋದಾಗಿಂದ ಎಲ್ಲಕ್ಕೂ ನಾನೇ. ಇವತ್ತು ಸುರಿಯೋಕೆ ತಡ ಮಾಡಿದ್ದು ಮಾತ್ರ ನಾನಲ್ಲ."

ಸುನಿಲ್ ಮುರಿದ ಕಿವಿಯನ್ನು ಮೇಜಿನ ಮೇಲಿಟ್ಟ. "ನೋಡಿ, ಮನೆ ವಿಷಯ ನಂಗೆ ಬೇಡ. ಸೋಮವಾರ ಮಧ್ಯಾಹ್ನ ಬರ್ತೀನಿ, ಇನ್ನೊಂದು ಎರೀರಿ. ಯಾರಾದ್ರೂ ಹಾಕ್ಲಿ. ಗೆರೆಯೊಳಗೆ ನಿಲ್ಲೋರಿಗೆ ಬೂಟಿರ್ಬೇಕು ಅಷ್ಟೇ. ಬೇಕಿದ್ರೆ ಈಗ್ಲೇ ಸೈಜ್ ಹೇಳಿ, ಇವತ್ತು ಸಂಜೆನೇ ಕಳಿಸ್ತೀನಿ."

ಅವಳೇ ಹೇಳಬಹುದಿತ್ತು. ಆದರೆ ಪೇಪರಿನ ಮೇಲೆ ಗೆರೆ ಎಳೆದವನು ಅವನು. ಅವನ ಬಾಯಿಂದಲೇ ಬರಲಿ ಎಂದು ಅವಳು ಅವನ ಮುಖ ನೋಡುತ್ತ ನಿಂತಳು.

"ಬೇಡ ಸರ್," ಎಂದ ಪ್ರೇಮ್‌ಕುಮಾರ್. "ಸೋಮವಾರ ನಾನೇ ನೋಡ್ಕೋತೀನಿ."

ಮನೆಯಲ್ಲಿ ಅವಳು ಚಪಾತಿ ಲಟ್ಟಿಸುತ್ತಿದ್ದಾಗ ಅವನು ಬೆನ್ನ ಹಿಂದೆ ಬಂದು ನಿಂತ.

"ಎಲ್ಲಾ ಹೆಂಡ್ತಿ ಕೈಲಿ ಮಾಡಿಸ್ತಾನೆ ಅಂತ ಗೊತ್ತಾದ್ರೆ ಯಾವನು ಕೆಲ್ಸ ಕೊಡ್ತಾನೆ ಹೇಳು? ಪಕ್ಕದ ಶೆಡ್ಡಿನೋರು ಈಗ್ಲೇ ಆಡ್ಕೋತಾರೆ."

"ಕೆಟ್ಟಾಗ ಮಾತ್ರ ಹೆಂಡ್ತಿ ಕೈ ಅಂತ ಗೊತ್ತಾಗ್ಬಹುದಾ?"

"ಆ ಟೈಮಲ್ಲಿ ಏನೋ ಬಾಯಿಗೆ ಬಂತು."

"ಬೂಟಿಲ್ಲ ಅಂದಿದ್ದು? ಅದೂ ಬಾಯಿಗೆ ಬಂತಾ?"

ಅವನು ತಟ್ಟೆ ಎಳೆದುಕೊಂಡು ಊಟಕ್ಕೆ ಕೂತ. ಪ್ರಿಯಾ ತಟ್ಟೆ ಹಿಡಿದು ತನ್ನ ಕೋಣೆಗೆ ಹೋದಳು. ಭಾನುವಾರ ಅವನು ಎರಡು ಸಲ, "ನಾಳೆ ಬೇಗ ಬಂದ್ಬಿಡು, ಅವ್ರು ಬರೋ ಮುಂಚೆ ಹಾಕಿ ಆಚೆ ಬಂದ್ರಾಯ್ತು" ಎಂದ. ಕೋಪವಿಲ್ಲದ, ಎಂದಿನ ದನಿ. ನಾಳೆ ಸಾರಿಗೆ ಬೇಳೆ ನೆನೆಹಾಕು ಎನ್ನುವ ದನಿ.

ಸೋಮವಾರ ಒಂಬತ್ತಕ್ಕೆ ಭಾಗ್ಯಲಕ್ಷ್ಮಿ ಮನೆಯಿಂದ ಹೊರಡಲಿಲ್ಲ. ಬಟ್ಟೆ ಒಗೆದು ಹರವಿದಳು. ಬುದ್ಧನ ಮೇಲಿನ ಧೂಳು ಒರೆಸಿದಳು. ಯಂಕಮ್ಮ ಎದುರಿನಿಂದ ನೋಡಿ, "ಯಾಕೇ, ಬಾಣಂತಿ ಉಪವಾಸನಾ ಇವತ್ತು?" ಎಂದರು.

"ಊಟದ ಹೊತ್ತಾಗ್ಲಿ ಅಕ್ಕ."

ಮಧ್ಯಾಹ್ನ ಅವಳು ಹೊರಟಾಗ ಚೀಲದಲ್ಲಿ ಕ್ಯಾರಿಯರ್ ಮಾತ್ರ ಇತ್ತು. ಅದೂ ಇಬ್ಬರಿಗೆ ಸಾಲುವಷ್ಟು. ರೈಲ್ವೆ ಗೇಟಿನಲ್ಲಿ ರೈಲು ಹಾಯುವವರೆಗೆ ಉಳಿದವರ ಜೊತೆ ಆತುರವಿಲ್ಲದೆ ನಿಂತಳು. ಶೆಡ್ಡಿನಲ್ಲಿ ಕುಲುಮೆ ಭೋರ್ಗರೆಯುತ್ತಿತ್ತು. ಬಾಗಿಲಲ್ಲೇ ಮುರಿದ ಪರೀಕ್ಷೆಯ ತುಂಡುಗಳು ಬಿದ್ದಿದ್ದವು. ಬಗ್ಗದೆಯೇ ಕಾಣುವಷ್ಟು ಮಿಣಮಿಣ. ಪ್ರೇಮ್‌ಕುಮಾರನ ಅಂಗಿ ಬೆನ್ನಿಗೆ ಅಂಟಿತ್ತು.

"ಎಷ್ಟು ಫೋನ್ ಮಾಡೋದೇ? ಬಾ ಬೇಗ, ಅವ್ನು ಬರೋಕಿನ್ನೂ ಟೈಮಿದೆ."

ಅವಳು ಹಳದಿ ಗೆರೆಯ ಹೊರಗೆ ನಿಂತಳು. "ಬೂಟಿಲ್ಲ."

"ಯಾರೂ ಇಲ್ಲ ಈಗ. ಬಾ." ಅವಳು ಅಲುಗಲಿಲ್ಲ. ಅವನು ಹಳೆಯ ಎಂಟನೇ ನಂಬರಿನ ಜೊತೆಯನ್ನು ತಂದು ಗೆರೆಯಾಚೆಗೆ ತಳ್ಳಿದ. ಮೂತಿಯಲ್ಲಿ ಬಟ್ಟೆ ಹಾಗೇ ಇತ್ತು. "ತಗೋ. ಇಷ್ಟು ದಿನ ಇದರಲ್ಲೇ ಆಗ್ತಿರ್ಲಿಲ್ವಾ?"

"ನಂದು ಐದು," ಎಂದಳು ಭಾಗ್ಯಲಕ್ಷ್ಮಿ. ಕ್ಯಾರಿಯರನ್ನು ಆ ಬೂಟುಗಳ ಪಕ್ಕ, ಗೆರೆಗೆ ತಾಗಿಸಿ ಇಟ್ಟಳು. "ಆರೋಗ್ತದೆ, ಊಟ ಮಾಡಿ."

ಹಿಂದಿನಿಂದ ಅವನು ಮೊದಲು ಬೈದ, ಆಮೇಲೆ ಅವಳ ಹೆಸರು ಹಿಡಿದು ಕರೆದ. ಅವಳು ತಿರುಗಲಿಲ್ಲ.

ಮನೆಗೆ ಬಂದು ಒಲೆ ಹಚ್ಚಿ ತನಗೊಬ್ಬಳಿಗೇ ಮುದ್ದೆ ತೊಳಸಿದಳು. ಮದುವೆಯಾಗಿ ಬಂದ ಮೇಲೆ ಮಧ್ಯಾಹ್ನದ ಮುದ್ದೆಯನ್ನು ಅವಳು ಬಿಸಿಯಾಗಿ ಉಂಡ ನೆನಪಿರಲಿಲ್ಲ. ಶೆಡ್ಡಿನಲ್ಲಿ ಎಲ್ಲರದ್ದಾದ ಮೇಲೆ ಆರಿ ಗಟ್ಟಿಯಾದದ್ದೇ ಅವಳ ಪಾಲು. ತುತ್ತು ಮುರಿದು ಸಾರಿಗೆ ಅದ್ದುವಾಗ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಎಡಗೈ ಎತ್ತಿದಾಗ ಫೋನು ಬಡಿದುಕೊಂಡಿತು. ಹಸನ್.

"ಅಕ್ಕಾ, ಸೇಟ್ ಗಂಟೆ ಹಿಡ್ಕೊಂಡು ನಿಂತವ್ರೆ, ಮೂಸೆಗೆ ಇಳಿಸ್ತಾನೇ ಇಲ್ಲ. ಕಾರ್ ಬರೋ ಹೊತ್ತು. ಎಷ್ಟು ಹಾಕೋದು, ಎಷ್ಟೊತ್ತು ಒತ್ತೋದು, ಅಷ್ಟಾದ್ರೂ ಹೇಳಕ್ಕಾ."

"ಅದೆಲ್ಲ ನಂಗೇನು ಗೊತ್ತು ಹಸನ್? ಸೇಟ್‌ಗೇ ಗೊತ್ತು," ಎಂದಳು ಭಾಗ್ಯಲಕ್ಷ್ಮಿ. "ನಾನು ಊಟ ತರೋಳು. ತಂದಾಯ್ತು. ಈಗ ಉಣ್ತಾ ಇದೀನಿ."